ಕೆಂಚ ತೆಗೆದುಕೊಂಡ ವೈವಾ

ಎಂಜಿನಿಯರಿಂಗ್ ಕೊನೆಯ ವರ್ಷ ನಮ್ಮ ತಂಡದ ಪ್ರಾಜೆಕ್ಟ್ ಹೈಡ್ರಾಲಿಕ್ ಸಿಸರ್ ಲಿಫ್ಟ್. ನಾವು ನಾಲ್ವರು ತಲಾ 6 ಸಾವಿರ ರೂಪಾಯಿ ಹಾಕಿ, ಪ್ರಾಜೆಕ್ಟ್ ಮಾಡಿಕೊಡುವ ಅಂಗಡಿಯೊಂದರಿಂದ ಅದನ್ನು ಸಿದ್ಧವಾಗಿಯೇ ತಂದಿದ್ದೆವು. ರಿಪೋರ್ಟನ್ನೂ ಅವರೇ ಬೈಂಡ್ ಮಾಡಿಸಿ ಕೊಟ್ಟಿದ್ದರು. ನಾವು ಮಾಡಿದ ಕೆಲಸವೆಂದರೆ ಮೊದಲ ಪುಟದಲ್ಲಿ ಹೆಸರು ಬದಲಿಸಿದ್ದು ಮತ್ತು ಬಣ್ಣ ಹಚ್ಚಿದ್ದು. ವೈವಾ ದಿನ ಹೊರಗಿನಿಂದ ಬಂದ ಪರೀಕ್ಷಕರು ಗುಂಡಿ ಒತ್ತಿ ನೋಡಿದರು. ಲಿಫ್ಟ್ ಮೇಲೆ ಹೋಯಿತು, ಕೆಳಗೆ ಬಂತು. ‘ಇದನ್ನ ಯಾರು ಬಳಸ್ತಾರೆ?’ ಎಂದು ಕೇಳಿದರು. ‘ಇಂಡಸ್ಟ್ರಿಯಲ್ಲಿ ಸರ್’ ಅಂದೆ. ‘ಯಾವ ಇಂಡಸ್ಟ್ರಿ?’ ಅಂದರು. ಸುಮ್ಮನೆ ನಿಂತೆ. ಅವರು ನಕ್ಕು ಮುಂದಿನ ಮೇಜಿಗೆ ಹೋದರು. ನೂರಕ್ಕೆ 91 ಅಂಕ ಬಂತು.

ಅದಾಗಿ ಒಂದು ವರ್ಷಕ್ಕೆ ನಮ್ಮ ಮನೆಗೇ ಒಂದು ಲಿಫ್ಟ್ ಬೇಕಾಯಿತು. ಬೇಕಾದದ್ದು ಕೆಂಚನಿಗೆ.

ಕೆಂಚ ನಮ್ಮ ಮನೆಯ ನಾಯಿ. ಜಾತಿ ನಾಯಿಯಲ್ಲ, ಬೀದಿಯಲ್ಲಿ ಸಿಕ್ಕಿದ ಕೆಂಚು ಬಣ್ಣದ ಮರಿ. ಈಗ ಅವನಿಗೆ 13 ವರ್ಷ, ತೂಕ 24 ಕಿಲೊ. ನಮ್ಮ ಮನೆ ಇರುವುದು ಶಿವಮೊಗ್ಗದ ತಗ್ಗಿನ ಬಡಾವಣೆಯೊಂದರಲ್ಲಿ. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಮನೆಯೊಳಗೆ ಮೊಣಕಾಲುದ್ದ ನೀರು ನಿಂತಿತ್ತು. ಮನೆಯನ್ನು ಮತ್ತೆ ಕಟ್ಟಿಸುವಾಗ ಅಪ್ಪ, ‘ಇನ್ನೊಮ್ಮೆ ಈ ಪಾಡು ಬೇಡ’ ಎಂದು ತಳಪಾಯವನ್ನು ಎತ್ತರಿಸಿಬಿಟ್ಟರು. ಹೀಗಾಗಿ ಅಂಗಳದಿಂದ ಜಗಲಿಗೆ ಏಳು ಮೆಟ್ಟಿಲು, 45 ಇಂಚು ಎತ್ತರ. ನೀರಿಗೆ ಹೆದರಿ ಕಟ್ಟಿದ ಮೆಟ್ಟಿಲುಗಳು ಕೆಲವೇ ವರ್ಷಗಳಲ್ಲಿ ನಮ್ಮ ಮನೆಯವರನ್ನೇ ತಡೆದವು.

ಮೊದಮೊದಲು ಕೆಂಚ ಮೂರನೇ ಮೆಟ್ಟಿಲಲ್ಲಿ ನಿಂತು ಸುಧಾರಿಸಿಕೊಳ್ಳುತ್ತಿದ್ದ. ಆಮೇಲೆ ಹಿಂಗಾಲು ಜಾರತೊಡಗಿತು. ಒಂದು ದಿನ ಇಳಿಯುವಾಗ ಉರುಳಿ ಅಂಗಳಕ್ಕೆ ಬಿದ್ದ. ಪಶುವೈದ್ಯರು ನೋಡಿ, ಸೊಂಟದ ಕೀಲು ಸವೆದಿದೆ, ಇದು ವಯಸ್ಸಿನ ಸಂಧಿವಾತ ಎಂದರು. ತೂಕ ಹೆಚ್ಚಲು ಬಿಡಬೇಡಿ, ನುಣುಪಾದ ಟೈಲ್ಸ್ ಮೇಲೆ ಚಾಪೆ ಹಾಸಿ, ಮೆಟ್ಟಿಲು ತಪ್ಪಿಸಿ ಎಂದರು. ‘ಪಾಪ ಅಂತ ಮನೆಯಲ್ಲಿರೋ ನೋವಿನ ಮಾತ್ರೆ ಕೊಡಬೇಡಿ’ ಎಂದು ಒತ್ತಿ ಹೇಳಿದರು. ಮನುಷ್ಯರ ನೋವಿನ ಮಾತ್ರೆಗಳು ನಾಯಿಯ ಹೊಟ್ಟೆ, ಮೂತ್ರಪಿಂಡವನ್ನೇ ಹಾಳುಮಾಡಬಲ್ಲವು.

ಮೆಟ್ಟಿಲು ತಪ್ಪಿಸಿ ಎಂದು ಹೇಳುವುದು ಸುಲಭ. ಕೆಂಚ ಮನೆಯೊಳಗೆ ಎಂದೂ ಗಲೀಜು ಮಾಡಿದವನಲ್ಲ. ದಿನಕ್ಕೆ ನಾಲ್ಕು ಸಲ ಅವನಿಗೆ ಅಂಗಳಕ್ಕೆ ಹೋಗಲೇಬೇಕು. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ತೊಡೆಯ ಹಿಂದೆ ಕೊಟ್ಟು, ಬೆನ್ನು ಬಾಗದಂತೆ ಎತ್ತಬೇಕೆಂದು ವೈದ್ಯರು ತೋರಿಸಿಕೊಟ್ಟಿದ್ದರು. ನಾನು ಮನೆಯಲ್ಲೇ ಇದ್ದೆನಲ್ಲ, ಎತ್ತುತ್ತಿದ್ದೆ. ಆದರೆ ಇಂಟರ್ವ್ಯೂ ಇದೆಯೆಂದು ಬೆಂಗಳೂರಿಗೆ ಹೋದ ದಿನ ಅಮ್ಮ ಎತ್ತಲು ಹೋಗಿ ಸೊಂಟ ಹಿಡಿಸಿಕೊಂಡರು. ಇಡೀ ದಿನ ತಡೆದುಕೊಂಡಿದ್ದ ಕೆಂಚ ಸಂಜೆ ಬಾಗಿಲ ಬಳಿಯೇ ಉಚ್ಚೆ ಹೊಯ್ದುಕೊಂಡನಂತೆ. ನಾನು ರಾತ್ರಿ ಬಂದಾಗ ಅವನು ಮಂಚದ ಕೆಳಗಿನಿಂದ ಹೊರಗೇ ಬರಲಿಲ್ಲ. ನಾಯಿಗೂ ನಾಚಿಕೆಯಾಗುತ್ತದೆಯೋ ಇಲ್ಲವೋ ಎಂದು ವಾದ ಮಾಡುವವರು ಮಾಡಲಿ, ನನಗಂತೂ ಅವನ ಮುಖ ನೋಡಲಾಗಲಿಲ್ಲ.

ಎಲ್ಲರಿಗೂ ಮೊದಲು ಹೊಳೆಯುವುದು ಇಳಿಜಾರು ಹಲಗೆ. ನನಗೂ ಅದೇ ಹೊಳೆಯಿತು. ಎಂಟು ಅಡಿಯ ಹಲಗೆಯೊಂದನ್ನು ಜಗಲಿಗೆ ಒರಗಿಸಿದೆ. ಕೆಂಚ ಮೂಸಿ ನೋಡಿ ವಾಪಸ್ ಬಂದ. ಆಮೇಲೆ ಲೆಕ್ಕ ಹಾಕಿದರೆ ಅದು 28 ಡಿಗ್ರಿ ಕಡಿದು. ಸಾರ್ವಜನಿಕ ಕಟ್ಟಡಗಳಲ್ಲಿ ಗಾಲಿಕುರ್ಚಿಯ ರ‍್ಯಾಂಪ್‌ಗೆ 1:12ರ ಇಳಿಜಾರು ಇರಬೇಕು, ಅಂದರೆ ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ. ಆ ಲೆಕ್ಕದಲ್ಲಿ ನಮ್ಮ ಜಗಲಿಗೆ 45 ಅಡಿ ಬೇಕು. ನಾಯಿಗೆ ಅಷ್ಟು ಬೇಡ, 18 ಡಿಗ್ರಿ ಸಾಕು ಎಂದುಕೊಂಡರೂ ಹನ್ನೊಂದೂವರೆ ಅಡಿ ಜಾಗ ಬೇಕು. ಮೆಟ್ಟಿಲಿನಿಂದ ಗೇಟಿಗೆ ಇರುವುದೇ ಎಂಟು ಅಡಿ. ಗೋಡೆಗುಂಟ ತಿರುಗಿಸೋಣವೆಂದರೆ ಅಲ್ಲಿ ಸಂಪಿನ ಮುಚ್ಚಳ, ಅಪ್ಪನ ಸ್ಕೂಟರ್. ಅಂಗಳ ದೊಡ್ಡದಿದ್ದವರು ಲಿಫ್ಟ್ ಯೋಚನೆಯನ್ನೇ ಮಾಡಬೇಡಿ, ಇಳಿಜಾರೇ ಒಳ್ಳೆಯದು. ಅದರಲ್ಲಿ ಕೆಡುವುದು, ತುಂಡಾಗುವುದು ಏನೂ ಇರುವುದಿಲ್ಲ. ನಮಗೆ ಜಾಗವಿರಲಿಲ್ಲ.

ಸರಿ, ಲಿಫ್ಟ್ ಮಾಡುವುದೆಂದಾಯಿತು. ಹಗ್ಗ, ರಾಟೆ, ಒಂದು ಹಲಗೆ, ಅಷ್ಟೇ ತಾನೆ ಎಂದುಕೊಂಡೆ. ಅಜ್ಜಿ ಬಾವಿಯಿಂದ ನೀರು ಸೇದಿದ್ದನ್ನು ಎಷ್ಟು ಸಲ ನೋಡಿಲ್ಲ! ಆದರೆ ಕಾಗದ ಮುಂದಿಟ್ಟುಕೊಂಡು ಕುಳಿತಾಗ, ಪಿಯುಸಿಯಲ್ಲಿ ಓದಿ ಮರೆತಿದ್ದು ನೆನಪಾಯಿತು. ಬಾವಿಯ ರಾಟೆ ಭಾರವನ್ನು ಕಡಿಮೆ ಮಾಡುವುದೇ ಇಲ್ಲ. ಎಳೆಯುವ ದಿಕ್ಕನ್ನಷ್ಟೇ ಬದಲಿಸುತ್ತದೆ. ಕೊಡದ ತೂಕ ಹತ್ತು ಕಿಲೊ ಇದ್ದರೆ ಹತ್ತು ಕಿಲೊ ಬಲವನ್ನೇ ಹಾಕಬೇಕು. ನಿಂತು ಕೆಳಕ್ಕೆ ಎಳೆಯುವುದರಿಂದ ಮೈಭಾರವೂ ಸಹಾಯಕ್ಕೆ ಬರುತ್ತದೆ ಎಂಬುದಷ್ಟೇ ಲಾಭ. ಭಾರದ ಜೊತೆಗೇ ಮೇಲೇಳುವ ಇನ್ನೊಂದು ರಾಟೆ ಇದ್ದರೆ ಮಾತ್ರ ಬಲ ಅರ್ಧವಾಗುತ್ತದೆ, ಎಳೆಯಬೇಕಾದ ಹಗ್ಗ ಎರಡು ಪಟ್ಟಾಗುತ್ತದೆ. ಕೆಂಚ 24 ಕಿಲೊ, ತೊಟ್ಟಿಲು 12 ಕಿಲೊ, ಒಟ್ಟು 36. ಅರ್ಧವೆಂದರೆ 18, ಘರ್ಷಣೆ ಸೇರಿ 20 ಚಿಲ್ಲರೆ. ಪರವಾಗಿಲ್ಲ ಅನ್ನಿಸಿತು.

ತೊಟ್ಟಿಲು ಎಂದೆನಲ್ಲ, ಅದು 30 ಇಂಚು ಅಗಲ, 40 ಇಂಚು ಉದ್ದದ ದಪ್ಪ ಪ್ಲೈವುಡ್. ಎರಡು ಪಕ್ಕಕ್ಕೆ ಎರಡಡಿ ಎತ್ತರದ ಜಾಲರಿ. ಮುಂದೊಂದು, ಹಿಂದೊಂದು ಬಾಗಿಲು. ಅಂಗಳದಿಂದ ಹತ್ತಿದವನು ನೇರ ಜಗಲಿಗೆ ಇಳಿಯಬೇಕು, ಒಳಗೆ ತಿರುಗುವ ಕೆಲಸ ಇರಬಾರದು. ಸೊಂಟ ನೋಯುವ ನಾಯಿಗೆ ಇಕ್ಕಟ್ಟಿನಲ್ಲಿ ತಿರುಗುವುದೇ ದೊಡ್ಡ ಶಿಕ್ಷೆ. ತೊಟ್ಟಿಲು ತೂಗಾಡದಂತೆ ಎರಡು ಕಡೆ ಕಬ್ಬಿಣದ ಚೌಕ ಪೈಪಿನ ಕಂಬ, ಆ ಕಂಬದ ಮೇಲೆ ಜಾರುವ ಎರಡು ಕೊಳವೆ.

ಚಿತ್ರ ಬರೆದುಕೊಂಡು ವೆಲ್ಡಿಂಗ್ ಅಂಗಡಿಗೆ ಹೋದೆ. ಅಂಗಡಿಯ ಅಣ್ಣ ಹತ್ತನೇ ಕ್ಲಾಸೂ ಮುಗಿಸಿಲ್ಲ. ಚಿತ್ರವನ್ನು ಒಂದು ಸಲ ನೋಡಿ, ‘ಈ ಕೊಳವೆ ನಾಲ್ಕೇ ಇಂಚು ಇಟ್ಟಿದೀಯಲ್ಲ, ಸಿಕ್ಕಾಕ್ಕೊಳತ್ತೆ ಕಣಪ್ಪ’ ಅಂದರು. ನನಗೆ ಒಪ್ಪಿಗೆಯಾಗಲಿಲ್ಲ. ‘ಇಲ್ಲ ಅಣ್ಣ, ಲೆಕ್ಕ ಹಾಕಿದೀನಿ’ ಅಂದೆ. ‘ಆಯ್ತು, ನಿನ್ನ ಲೆಕ್ಕ’ ಎಂದು ಹಾಗೆಯೇ ಮಾಡಿಕೊಟ್ಟರು. ಮನೆಗೆ ತಂದು ನಿಲ್ಲಿಸಿ, ತೊಟ್ಟಿಲಿನ ಒಂದು ತುದಿಯಲ್ಲಿ ಭಾರ ಇಟ್ಟು ಎಳೆದರೆ ಅರ್ಧ ಅಡಿಗೇ ಓರೆಯಾಗಿ ಕಚ್ಚಿಕೊಂಡಿತು. ಮೇಜಿನ ಡ್ರಾಯರಿನ ಒಂದೇ ಮೂಲೆ ಹಿಡಿದು ಎಳೆದರೆ ಸಿಕ್ಕಿಕೊಳ್ಳುವುದಿಲ್ಲವೇ, ಹಾಗೆ. ಭಾರ ನಡುವಿನಿಂದ ಎಷ್ಟು ಆಚೆ ಹೋಗುತ್ತದೋ ಅದಕ್ಕೆ ತಕ್ಕಂತೆ ಕೊಳವೆ ಉದ್ದವಿರಬೇಕು. ನಾಯಿ ನಡುವಲ್ಲೇ ನಿಲ್ಲುತ್ತದೆ ಎಂದು ನನ್ನ ಲೆಕ್ಕ ನಂಬಿತ್ತು. ನಾಯಿ ಎಲ್ಲಿ ಬೇಕಾದರೂ ನಿಲ್ಲುತ್ತದೆ ಎಂಬುದು ಆ ಅಣ್ಣನಿಗೆ ಗೊತ್ತಿತ್ತು. ಮರುದಿನ ಬಾಲ ಮುದುರಿಕೊಂಡು ಅವರ ಬಳಿಗೆ ಹೋದೆ. 14 ಇಂಚಿನ ಕೊಳವೆ ಹಾಕಿಕೊಟ್ಟರು. ಹಂಗಿಸಲಿಲ್ಲ, ಚಹಾ ತರಿಸಿದರು.

ಎರಡನೇ ಪಾಠ ಇನ್ನೂ ಕಠಿಣವಾಗಿತ್ತು. ಕೆಂಚನನ್ನು ಕೂರಿಸುವ ಮೊದಲು ಅಕ್ಕಿ ಮೂಟೆ ಇಟ್ಟು ನೋಡಿದೆ. ಮೂರಡಿ ಎತ್ತರಕ್ಕೆ ಹೋದಾಗ ಬೆವರಿದ ಕೈಯಿಂದ ಹಗ್ಗ ಜಾರಿತು. ತೊಟ್ಟಿಲು ದಡ್ಡನೆ ಬಿತ್ತು, ಪ್ಲೈವುಡ್ ಸೀಳಿತು, ನನ್ನ ಅಂಗೈ ಸುಲಿದುಹೋಯಿತು. ಆ ಮೂಟೆಯ ಜಾಗದಲ್ಲಿ ಕೆಂಚ ಇದ್ದಿದ್ದರೆ? ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಲಿಫ್ಟಿನ ಚರಿತ್ರೆಯಲ್ಲಿ ಎಲಿಷಾ ಓಟಿಸ್ ಹೆಸರು ಏಕೆ ದೊಡ್ಡದು ಎಂದು ಅರ್ಥವಾದದ್ದು ಆಗಲೇ. ಹಗ್ಗ ಕಟ್ಟಿ ಭಾರ ಎತ್ತುವುದು ಅವನಿಗಿಂತ ಸಾವಿರಾರು ವರ್ಷ ಮೊದಲೇ ಇತ್ತು. 1854ರಲ್ಲಿ ನ್ಯೂಯಾರ್ಕಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ಅವನು ತಾನೇ ವೇದಿಕೆಯ ಮೇಲೆ ನಿಂತು, ಜನರೆದುರು ಅದರ ಹಗ್ಗವನ್ನು ಕತ್ತರಿಸಿಸಿದ. ವೇದಿಕೆ ಬೀಳಲಿಲ್ಲ, ಅವನ ತಡೆ ಅದನ್ನು ಹಿಡಿದುಕೊಂಡಿತು. ಎತ್ತುವುದು ಎಲ್ಲರಿಗೂ ಗೊತ್ತಿತ್ತು. ಬೀಳದಂತೆ ಹಿಡಿಯುವುದನ್ನು ಅವನು ತೋರಿಸಿದ. ನಾನು ಮಾತ್ರ ನಾಲ್ಕು ವರ್ಷ ಓದಿಯೂ ಎತ್ತುವುದನ್ನಷ್ಟೇ ಯೋಚಿಸಿದ್ದೆ.

ಹಗ್ಗ, ಚಲಿಸುವ ರಾಟೆ ಎರಡನ್ನೂ ತೆಗೆದೆ. ತಾನಾಗಿಯೇ ಬ್ರೇಕ್ ಹಿಡಿಯುವ ಕೈ ವಿಂಚ್ ಹೊಸದನ್ನೇ ಕೊಂಡೆ. ಹ್ಯಾಂಡಲ್ ಬಿಟ್ಟರೂ ಅದು ಹಿಂದಕ್ಕೆ ಸುತ್ತುವುದಿಲ್ಲ. ಉಕ್ಕಿನ ತಂತಿಹಗ್ಗ ಹಾಕಿದೆ. ತೊಟ್ಟಿಲು ಜಗಲಿಯ ಮಟ್ಟಕ್ಕೆ ಬಂದ ಕೂಡಲೇ ಕಂಬದ ತೂತಿನೊಳಗೆ ಬೆರಳು ದಪ್ಪದ ಎರಡು ಕಬ್ಬಿಣದ ಪಿನ್ ತೂರಿಸುತ್ತೇವೆ. ಕೆಂಚ ಇಳಿಯುವಾಗ ಭಾರವೆಲ್ಲ ಪಿನ್ ಮೇಲೆ, ತಂತಿಯ ಮೇಲಲ್ಲ. ತೊಟ್ಟಿಲಿಗೂ ಜಗಲಿಗೂ ನಡುವೆ ಒಂದು ಇಂಚು ಸಂದು ಇತ್ತು. ಕಾಲು ಸಿಕ್ಕಬಾರದೆಂದು ಕೀಲು ಹಾಕಿದ ತಗಡು ಮುಚ್ಚಿದೆ. ಕೊನೆಗೆ 50 ಕಿಲೊ ಅಕ್ಕಿ ಮೂಟೆ, ಅಂದರೆ ಕೆಂಚನ ಎರಡು ಪಟ್ಟು ಭಾರ ಇಟ್ಟು, ಮೂರು ದಿನ ಹತ್ತಿಸಿ ಇಳಿಸಿದೆ. ಖರ್ಚು ಒಟ್ಟು 7 ಸಾವಿರದ ಆಸುಪಾಸು. ಕಾಲೇಜಿನ ಪ್ರಾಜೆಕ್ಟಿಗೆ ನನ್ನ ಪಾಲಿನಿಂದ ಕೊಟ್ಟಿದ್ದಕ್ಕಿಂತ ಒಂದು ಸಾವಿರ ಹೆಚ್ಚು.

ಎಲ್ಲ ಮುಗಿಯಿತು ಎಂದುಕೊಂಡು ಕೆಂಚನನ್ನು ಕರೆದೆ. ಬಂದ, ಮೂಸಿದ, ಹೋಗಿ ಮೆಟ್ಟಿಲ ಬುಡದಲ್ಲಿ ಮಲಗಿದ.

ವೈವಾ ಅಂದರೆ ಇದು. ನನ್ನ ಎದುರಿಗಿದ್ದ ಪರೀಕ್ಷಕನಿಗೆ ರಿಪೋರ್ಟ್ ಬೇಡ, ಪಿಪಿಟಿ ಬೇಡ. ಹತ್ತುತ್ತಾನೆ, ಇಲ್ಲವೇ ಹತ್ತುವುದಿಲ್ಲ. ಬಲವಂತವಾಗಿ ಒಳಗೆ ನೂಕಿದರೆ ಹತ್ತಿಸಬಹುದಿತ್ತು. ಆದರೆ ಹೆದರಿ ಹೊರಗೆ ಜಿಗಿದರೆ ಉಳಿದಿರುವ ಸೊಂಟವೂ ಹೋಗುತ್ತಿತ್ತು. ಅಜ್ಜಿ ಜಗಲಿಯ ಮೇಲೆ ಕೂತು ನೋಡುತ್ತಿದ್ದವರು, ‘ಅದು ಕಟಕಟ ಅಂತದಲ್ಲೋ, ಅವನಿಗೆ ಅದೇ ಹೆದರಿಕೆ. ಮತ್ತೆ ನೆಲ ಜಾರ್ತದೇನೋ ನೋಡು’ ಅಂದರು. ನೋಡಿದರೆ ಎರಡೂ ನಿಜ. ನಾನು ಚೆಂದ ಕಾಣಲೆಂದು ಪ್ಲೈವುಡ್‌ಗೆ ಪಾಲಿಶ್ ಹೊಡೆದಿದ್ದೆ!

ಪಾಲಿಶ್ ಮೇಲೆ ಅವನದೇ ಹಳೆಯ ಗೋಣಿಚೀಲವನ್ನು ಬಿಗಿಯಾಗಿ ಹೊಡೆದೆ. ತೊಟ್ಟಿಲನ್ನು ನೆಲದಲ್ಲೇ ಬಿಟ್ಟು, ಎರಡು ದಿನ ಅದರೊಳಗೇ ಊಟ ಇಟ್ಟೆ. ಮೂರನೇ ದಿನ ಅವನು ಉಣ್ಣುವಾಗ ದೂರದಲ್ಲಿ ವಿಂಚನ್ನು ಖಾಲಿ ತಿರುಗಿಸಿ ಸದ್ದು ಕೇಳಿಸಿದೆ. ಐದನೇ ದಿನ ಎರಡು ಇಂಚು ಎತ್ತಿದೆ. ಅವನು ತಿನ್ನುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ, ಇಳಿಸಿದೆ. ಒಂಬತ್ತನೇ ದಿನ ಬೆಳಿಗ್ಗೆ ಅಜ್ಜಿ ಮೇಲಿನಿಂದ ‘ಬಾರೋ ಕೆಂಚ’ ಎಂದು ಕರೆಯುತ್ತಿರುವಾಗ 45 ಇಂಚೂ ಏರಿ, ತಗಡು ದಾಟಿ, ಏನೂ ಆಗದವನಂತೆ ಅಡುಗೆಮನೆಗೆ ನಡೆದ. ಅಮ್ಮ ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ ಎಂದು ಬರೆಯಲು ಸಂಕೋಚವೇನಿಲ್ಲ.

ಅವತ್ತೇ ಮಧ್ಯಾಹ್ನ ಅಜ್ಜಿ, ‘ನಂಗೂ ಒಂದು ಮಾಡ್ಕೊಡು ಮಾರಾಯ’ ಎಂದು ನಕ್ಕರು. ನಗಲು ನನಗಾಗಲಿಲ್ಲ. ಅಜ್ಜಿ ಅಂಗಳಕ್ಕೆ ಇಳಿದು ಎಷ್ಟು ದಿನವಾಯಿತು ಎಂದು ಯೋಚಿಸಿದೆ. ದಾಸವಾಳ ಕೀಳಲು ಈಗ ಅಮ್ಮ ಹೋಗುತ್ತಾರೆ. ಎದುರು ಮನೆಯ ಗೆಳತಿಯ ಜೊತೆ ಅಜ್ಜಿ ಜಗಲಿಯಿಂದಲೇ ಕೂಗಿ ಮಾತಾಡುತ್ತಾರೆ. ಅದೇ ಏಳು ಮೆಟ್ಟಿಲು, ಅವರೂ ಅದಕ್ಕೇ ಹೆದರಿ ನಿಂತಿದ್ದರು. ಕೆಂಚ ಬಿದ್ದಿದ್ದರಿಂದ ಕಂಡ. ಅಜ್ಜಿ ಬೀಳಲಿಲ್ಲ, ಸುಮ್ಮನಾದರು, ಹಾಗಾಗಿ ಕಾಣಲಿಲ್ಲ.

ಈ ಲಿಫ್ಟಿನಲ್ಲಿ ಮನುಷ್ಯರನ್ನು ಕೂರಿಸುವಂತಿಲ್ಲ. ಮನುಷ್ಯರ ಲಿಫ್ಟಿಗೆ ಪರವಾನಗಿ, ತಪಾಸಣೆ ಎಲ್ಲ ಇರುವುದು ಸುಮ್ಮನೆ ಅಲ್ಲ. ಅಜ್ಜಿಗೆ ಬೇಕಿದ್ದದ್ದೂ ಲಿಫ್ಟ್ ಆಗಿರಲಿಲ್ಲ. ಮೆಟ್ಟಿಲಿನ ಎರಡೂ ಕಡೆ ಹಿಡಿದುಕೊಳ್ಳಲು ಕಂಬಿ, ಸಾಕಷ್ಟೇ. ಉಳಿದ ಪೈಪಿನಲ್ಲಿ ವೆಲ್ಡಿಂಗ್ ಅಣ್ಣ ಅರ್ಧ ದಿನದಲ್ಲಿ ಮಾಡಿಕೊಟ್ಟರು. ಈ ಅರ್ಧ ದಿನದ ಕೆಲಸ ಎಂಜಿನಿಯರ್ ಮೊಮ್ಮಗನಿಗೆ ಹೊಳೆಯಲು ಇಷ್ಟು ವರ್ಷ ಬೇಕಾಯಿತು.

ಈಗ ನಾನು ಹೇಳಬೇಕೆಂದಿದ್ದ ಮಾತಿಗೆ ಬರುತ್ತೇನೆ. ನಮ್ಮಲ್ಲಿ ಬಹಳಷ್ಟು ಮಂದಿ ಕೊನೆಯ ವರ್ಷದ ಪ್ರಾಜೆಕ್ಟನ್ನು ಕೊಂಡು ತರುತ್ತೇವೆ. ಇದು ಗುಟ್ಟೇನಲ್ಲ, ಮೇಷ್ಟರುಗಳಿಗೂ ಗೊತ್ತು. ಸೋಮಾರಿತನ ಎಂದು ಬೈದರೆ ಮುಗಿಯುವುದಿಲ್ಲ. ನಾವು ಕೊಳ್ಳುವುದು ಏಕೆಂದರೆ ಆ ಪ್ರಾಜೆಕ್ಟ್ ಯಾರಿಗೂ ಬೇಕಾಗಿರುವುದಿಲ್ಲ. ಕೆಲಸ ಮಾಡಿದರೂ ಮಾಡದಿದ್ದರೂ ಅದು ಕಾಲೇಜಿನ ಸ್ಟೋರ್ ರೂಮಿನಲ್ಲಿ ಧೂಳು ತಿನ್ನುತ್ತದೆ. ಯಾರೂ ಕಾಯುತ್ತಿಲ್ಲದ ವಸ್ತುವಿಗೆ ಯಾರು ಬೆವರು ಸುರಿಸುತ್ತಾರೆ? ಒಬ್ಬರು ಕಾಯುತ್ತಿದ್ದಾರೆ ಎಂದಾದರೆ ಕೊಳ್ಳಲು ಮನಸ್ಸು ಬರುವುದಿಲ್ಲ. ಕೊಂಡರೂ ನಡೆಯುವುದಿಲ್ಲ, ಏಕೆಂದರೆ 45 ಇಂಚಿನ ಜಗಲಿಗೆ, 24 ಕಿಲೊದ, ಸದ್ದಿಗೆ ಹೆದರುವ ನಾಯಿಗೆ ಅಳತೆಯಾಗುವ ಮಾಡೆಲ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಹಾಗಾಗಿ ಕಾಲೇಜುಗಳು ಒಂದು ಸಣ್ಣ ನಿಯಮ ಮಾಡಲಿ. ಪ್ರಾಜೆಕ್ಟಿನ ಮೊದಲ ಪುಟದಲ್ಲಿ ಅದು ಯಾರಿಗಾಗಿ ಎಂದು ಬರೆಯಬೇಕು. ‘ಸಮಾಜಕ್ಕೆ’ ಎಂದಲ್ಲ, ‘ನಮ್ಮ ಅಜ್ಜಿಗೆ’, ‘ಪಕ್ಕದ ಮನೆಯ ಹಸುವಿಗೆ’ ಎಂದು. ಕರು ಹಾಕಿದ ಮೇಲೆ ಕ್ಯಾಲ್ಸಿಯಂ ಕೊರತೆಯಿಂದ ನೆಲ ಹಿಡಿದ ಹಸುವನ್ನು ನಾಲ್ಕು ಜನ ಹಗ್ಗ, ಬಿದಿರು ಹಿಡಿದು ಎತ್ತುವುದನ್ನು ಮಲೆನಾಡಿನ ಹಳ್ಳಿಗಳಲ್ಲಿ ನೋಡಿದ್ದೇನೆ. ಹಗ್ಗ ಹೊಟ್ಟೆಗೆ ಕೊರೆಯದಂತೆ ಅಗಲವಾದ ಪಟ್ಟಿಯ ಜೋಲಿ ಮಾಡಿದರೆ ಅದೇ ಒಂದು ಪ್ರಾಜೆಕ್ಟ್. ಮಂಡಿ ನೋವಿನ ತಾತನಿಗೆ ಶೌಚಾಲಯದಲ್ಲಿ ಏಳಲು ಹಿಡಿಕೆ ಬೇಕು. ಅಮ್ಮನಿಗೆ ಗ್ಯಾಸ್ ಸಿಲಿಂಡರ್ ಉರುಳಿಸಲು ಗಾಲಿ ಬೇಕು. ಬಳಸಿದವರು ವೈವಾಕ್ಕೆ ಬಂದು ಎರಡು ಮಾತು ಹೇಳಲಿ. ‘ಚೆನ್ನಾಗಿಲ್ಲ’ ಎಂದರೂ ಅಂಕ ಕಡಿಯಬೇಡಿ, ಏಕೆ ಚೆನ್ನಾಗಿಲ್ಲ ಎಂದು ಹುಡುಗರಿಗೆ ಗೊತ್ತಿದೆಯೇ ಅಂತ ಕೇಳಿ.

‘ಇದೆಲ್ಲ ರೆಸ್ಯೂಮೆಗೆ ಆಗುತ್ತಾ?’ ಎಂದು ಗೆಳೆಯರು ಕೇಳುತ್ತಾರೆ. ‘ಕೆಲಸ ಹುಡುಕೋದು ಬಿಟ್ಟು ನಾಯಿಗೆ ಲಿಫ್ಟ್ ಕಟ್ತಾ ಕೂತಿದಾನೆ’ ಎಂದು ನೆಂಟರೂ ಆಡಿಕೊಂಡರು. ಪ್ರಾಮಾಣಿಕವಾಗಿ ಹೇಳಬೇಕೆಂದರೆ ಈ ಲಿಫ್ಟಿನಿಂದ ನನಗೆ ಕೆಲಸ ಸಿಕ್ಕಿಲ್ಲ. ಆದರೆ ಕಳೆದ ತಿಂಗಳ ಇಂಟರ್ವ್ಯೂನಲ್ಲಿ ಸಿಸರ್ ಲಿಫ್ಟ್ ಬದಲು ಕೆಂಚನ ಲಿಫ್ಟ್ ಬಗ್ಗೆ ಹೇಳಿದೆ. ಮೊದಲು ಮೂವರೂ ನಕ್ಕರು. ಆಮೇಲೆ ಒಬ್ಬರು ಕಾಗದ ಕೊಟ್ಟು ಚಿತ್ರ ಬರೆಯಲು ಹೇಳಿದರು. ಕೊಳವೆ ಏಕೆ 14 ಇಂಚು, ವಿಂಚ್ ಕೆಟ್ಟರೆ ಏನಾಗುತ್ತದೆ, ಪಿನ್ ಹಾಕಲು ಮರೆತರೆ ಏನು ಗತಿ ಎಂದು ಇಪ್ಪತ್ತು ನಿಮಿಷ ಕೇಳಿದರು. ಕೊನೆಯ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಆ ಕೆಲಸ ಬೇರೆಯವರಿಗಾಯಿತು. ಆದರೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ತಲೆ ಎತ್ತಿ ಹೇಳಿದ್ದು ಅದೇ ಮೊದಲು. ಊರಿಗೆ ಬಂದವನೇ, ಬಾಗಿಲು ತೆರೆಯಬೇಕಾದರೆ ಪಿನ್ ಒಳಗೆ ಹೋಗಿರಲೇಬೇಕು ಎಂಬಂತೆ ಚಿಲಕ ಬದಲಿಸಿದೆ.

ಯಾರಾದರೂ ಇಂಥದ್ದನ್ನು ಕಟ್ಟುವುದಿದ್ದರೆ ಮೊದಲು ಪಶುವೈದ್ಯರನ್ನು ಕೇಳಿ. ನಡೆಯಬಲ್ಲ ನಾಯಿಯನ್ನು ಸುಮ್ಮನೆ ಕೂರಿಸಿ ಹತ್ತಿಸಿದರೆ ಇರುವ ಸ್ನಾಯುವೂ ಸೋಲುತ್ತದೆ. ಪ್ರಾಣಿಯ ಎರಡು ಪಟ್ಟು ಭಾರ ಇಟ್ಟು ಪರೀಕ್ಷಿಸಿ. ತಂತಿಯಲ್ಲಿ ಒಂದು ಎಳೆ ಕಿತ್ತಿದ್ದರೂ ಬದಲಿಸಿ. ಮಕ್ಕಳು ಆಟಕ್ಕೆ ಹತ್ತದಂತೆ ಹ್ಯಾಂಡಲ್ ಬಿಚ್ಚಿ ಒಳಗಿಡಿ. ಪ್ರಾಣಿ ಒಳಗಿರುವಾಗ ಹ್ಯಾಂಡಲ್ ಬಿಟ್ಟು ಫೋನ್ ನೋಡಬೇಡಿ.

ಈ ಭಾನುವಾರ ನಿಮ್ಮ ಮನೆಯಲ್ಲೂ ಒಂದು ಸುತ್ತು ನೋಡಿ. ಯಾರು ಯಾವ ಜಾಗಕ್ಕೆ ಹೋಗುವುದನ್ನು ಬಿಟ್ಟಿದ್ದಾರೆ, ಯಾವಾಗಿನಿಂದ ಬಿಟ್ಟಿದ್ದಾರೆ ಎಂದು ಕೇಳಿ. ನಮ್ಮ ಮನೆಯಲ್ಲಿ ಈಗ ಬೆಳಿಗ್ಗೆ ಆರೂವರೆಗೆ ಕೆಂಚ ತೊಟ್ಟಿಲಿನ ಮುಂದೆ ನಿಂತು ಒಂದೇ ಸಲ ಬೊಗಳುತ್ತಾನೆ. ನಾನು ಹ್ಯಾಂಡಲ್ ತರುವಷ್ಟರಲ್ಲಿ ಅಜ್ಜಿ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು, ದಾಸವಾಳದ ಗಿಡದ ಬಳಿ ಇರುತ್ತಾರೆ.